ಮಗ್ಗದ ಗುಂಡಿಯಲ್ಲಿ ಯಾರೋ ಇದ್ದಾರೆ

‘ಮೇಷ್ಟ್ರೆ, ಅವ್ರು ಬಂದವ್ರೆ.’

ಹೋದ ಸೋಮವಾರ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಪಕ್ಕದ ಮನೆಯ ಚೌಡಮ್ಮ ಬೇಲಿಯಾಚೆ ನಿಂತು ಹೀಗೆಂದರು. ಬಾಯಿ ತುಂಬ ಹಲ್ಲುಪುಡಿ ಇದ್ದುದರಿಂದ ಯಾರು ಎಂದು ಕೈಸನ್ನೆಯಲ್ಲೇ ಕೇಳಿದೆ.

‘ಅವ್ರು.’

ಯಾವ ಅವರು? ತಹಸೀಲ್ದಾರರೋ, ರೇಷನ್ ಇನ್‌ಸ್ಪೆಕ್ಟರೋ? ಎಲ್ಲಿದ್ದಾರೆ ಎಂದು ಮತ್ತೆ ಸನ್ನೆ ಮಾಡಿ ಬಾಯಿಗೆ ನೀರು ಹಾಕಿಕೊಂಡೆ.

‘ಮಗ್ಗದ ಗುಂಡೀಲವ್ರೆ.’

ಆಗ ಹೊಳೆಯಿತು. ನಮ್ಮ ಕೊಳ್ಳೇಗಾಲದ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಾರೆಯೇ? ಗಂಡನೆಂದರೆ ‘ಅವ್ರು’, ಅಷ್ಟೆ. ಚೌಡಮ್ಮನ ‘ಅವ್ರು’ ಎಂದರೆ ರೇಷ್ಮೆ ಸೀರೆ ನೇಯುತ್ತಿದ್ದ ಸಿದ್ದಯ್ಯ. ಸಿದ್ದಯ್ಯ ತೀರಿಕೊಂಡು ವರ್ಷವಾಗಿದೆ. (ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.) ಮುಕ್ಕಳಿಸಬೇಕಾದ ನೀರು ಸೀದಾ ಗಂಟಲಿಗಿಳಿಯಿತು.

ದೆವ್ವ ಭೂತದ ವಿಷಯದಲ್ಲಿ ನನ್ನ ನಿಲುವು ನಿಮಗೆ ಗೊತ್ತೇ ಇದೆ. ಇದೇ ಅಂಕಣದಲ್ಲಿ ಎರಡು ಸಲ ಲೆಕ್ಚರ್ ಕೊಟ್ಟಿದ್ದೇನೆ. ಯಳಂದೂರಿನ ಓದುಗರೊಬ್ಬರು ಆಗ ಒಂದು ಕಾರ್ಡು ಬರೆದಿದ್ದರು: ‘ನಿಮಗಿನ್ನೂ ಸಿಕ್ಕಿಲ್ಲ, ಅದಕ್ಕೇ ಈ ಧೈರ್ಯ.’ ಓದಿ ನಕ್ಕು ಸುಮ್ಮನಾಗಿದ್ದೆ.

ಚೌಡಮ್ಮ ಹೇಳಿದ್ದಿಷ್ಟು. ಗಂಡ ಹೋದ ಮೇಲೂ ಅವರು ದಿನಾ ಬೆಳಿಗ್ಗೆ ಎದ್ದು ಮಗ್ಗದ ಕಂಬ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಂದು ತಿಂಗಳಿಂದ ಹಾಗೆ ಮುಟ್ಟಿದಾಗೆಲ್ಲ ಮಗ್ಗ ‘ಓ’ಗೊಡುತ್ತಿದೆ. ಲಾಳಿಯ ಸದ್ದಲ್ಲ, ಬೆರಳ ಉಗುರಿನಿಂದ ಒಳಗಿಂದ ಯಾರೋ ತಟ್ಟಿದ ಸದ್ದು. ಅವರಿಗೆ ಆ ಸದ್ದಿನ ಭಯವೇನೂ ಇರಲಿಲ್ಲ. ಅವರ ಭಯವೆಲ್ಲ ಗುರುವಾರದ್ದು. ಅಂದು ಸಿದ್ದಯ್ಯನ ತಮ್ಮ ನಂಜಪ್ಪ ಮಾಂಬಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದು ಮಗ್ಗ ಬಿಚ್ಚಿಕೊಂಡು ಹೋಗುತ್ತಾನಂತೆ. ಅವನನ್ನು ನಾನು ತಡೆಯಬೇಕು. ಓದಿದವರು ಹೇಳಿದರೆ ಕೇಳುತ್ತಾನೆಂಬುದು ಅವರ ನಂಬಿಕೆ.

‘ಮಗ್ಗ ಓದ್ರೆ ಅವ್ರೂ ಒಂಟೋಯ್ತಾರೆ ಮೇಷ್ಟ್ರೆ,’ ಎಂದರು.

ಸ್ಕೂಲು ಮುಗಿಸಿಕೊಂಡು ಸಾಯಂಕಾಲ ನಾಲ್ಕಕ್ಕೆ ಹೋದೆ. ಹೊರಗೆ ಒಳ್ಳೆಯ ಬಿಸಿಲು. ನಡುಮನೆಯಲ್ಲಿ ಮಗ್ಗ, ಅದರ ಕಂಬವೇ ಸೂರಿನ ತೊಲೆಗೂ ಆಸರೆ. ನೇಯುವವನು ಕಾಲಿಳಿಬಿಟ್ಟು ಕೂರುವ ಗುಂಡಿಯ ತುಂಬ ಸೌದೆ. ಇದೇನು ಎಂದು ಕೇಳಿದೆ. ಖಾಲಿ ಗುಂಡಿ ನೋಡಲಾಗಲಿಲ್ಲವಂತೆ. ಹನೂರಿನ ಗಾಡಿಯವನಿಂದ ಕೊಂಡ ಸೌದೆಯನ್ನು ಮಳೆಗಾಲಕ್ಕೆ ಮೊದಲು ಅದರೊಳಗೇ ತುಂಬಿಬಿಟ್ಟರಂತೆ. ನೇಯುವವರ ಮನೆಯಲ್ಲಿ ಗುಂಡಿಗೆ ಕಸ ಬೀಳಲೂ ಬಿಡುವುದಿಲ್ಲ.

ಕಂಬದ ಮೇಲೆ ಅಂಗೈಯಿಟ್ಟೆ.

ತಟ್ಟಿತು. ಒಳಗಿಂದ, ಸಣ್ಣಗೆ, ಅವಸರವಾಗಿ. ನಿಂತಿತು. ಮತ್ತೆ ಕೈಯಿಟ್ಟೆ, ಮತ್ತೆ ತಟ್ಟಿತು. ಕಿವಿಯಿಟ್ಟರೆ ಒಳಗೆ ನೂರು ಜನ ಪಿಸುಗುಟ್ಟಿದಂತೆ ಸರಸರ ಸದ್ದು.

‘ಯಾರು?’ ಎಂದುಬಿಟ್ಟೆ. (ದಯವಿಟ್ಟು ನಗಬೇಡಿ. ಹೆದರಿದ್ದೆ, ನಿಜವಾಗಿ ಹೆದರಿದ್ದೆ.)

ಓಡಿಹೋಗಲು ನಾಚಿಕೆಯಾಗಿ ಆಧಾರಕ್ಕೆಂದು ಗುಂಡಿಯಿಂದ ಒಂದು ಕೊರಡನ್ನು ಎತ್ತಿಕೊಂಡೆ. ತೊಡೆ ಗಾತ್ರದ ಕೊರಡು, ಹಪ್ಪಳದಷ್ಟು ಹಗುರ! ಬೆರಳು ಒತ್ತಿದರೆ ಒಳಗೆ ಹೋಯಿತು. ಒಡೆದರೆ ಒಳಗೆಲ್ಲ ಮಣ್ಣು, ಮಣ್ಣಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಹುಳುಗಳ ಗಿಜಿಗಿಜಿ.

ಗೆದ್ದಲು.

ಜೀವ ಬಂತು, ಜೊತೆಗೆ ಸೈನ್ಸೂ ಬಂತು. ಗೆದ್ದಲಿನಲ್ಲಿ ಕಾವಲು ಹುಳುಗಳಿರುತ್ತವೆ. ಮರ ಅಲುಗಿದರೆ ಅವು ಅಪಾಯವೆಂದು ತಲೆಯನ್ನು ಮರಕ್ಕೆ ಬಡಿದು ಉಳಿದವಕ್ಕೆ ಸುದ್ದಿ ಮುಟ್ಟಿಸುತ್ತವೆ. ಚೌಡಮ್ಮ ಕಂಬ ಮುಟ್ಟಿದಾಗಲೆಲ್ಲ ಅವು ಡ್ಯೂಟಿ ಮಾಡಿದ್ದವು. ನಿಮ್ಮ ಮನೆಯಲ್ಲೂ ಸೌದೆ ನೆಲಕ್ಕೆ ತಾಗಿ ಬಿದ್ದಿದೆಯೇ? ಗೋಡೆಗೆ ಒರಗಿದೆಯೇ? ಎದ್ದು ಹೋಗಿ ಕೆಳಸಾಲಿನ ಸೌದೆ ಎತ್ತಿ ನೋಡಿ. (ನಾನಿಲ್ಲೇ ಕಾಯುತ್ತೇನೆ.) ಕಲ್ಲುಗಳ ಮೇಲೆ, ಗೋಡೆಯಿಂದ ಮೊಳ ದೂರ ಪೇರಿಸಿ, ವಾರಕ್ಕೊಮ್ಮೆ ಬಿಸಿಲು ಕಾಣಿಸಿ. ಹೊರಗಿನ ಸಿಪ್ಪೆಯನ್ನು ಗೆದ್ದಲು ಮುಟ್ಟುವುದಿಲ್ಲ. ಎಲ್ಲ ಸರಿಯಿದೆ ಎಂದು ನಾವು ದಿನಾ ನೋಡಿಕೊಂಡು ಓಡಾಡುತ್ತಿರುತ್ತೇವೆ.

ಇಲ್ಲೂ ಹಾಗೇ ಆಗಿತ್ತು. ಗುಂಡಿಯಿಂದ ಕಂಬಕ್ಕೆ, ಕಂಬದಿಂದ ಸೂರಿನ ತೊಲೆಗೆ ಮಣ್ಣಿನ ದಾರಿ ಹತ್ತಿತ್ತು. ಪೆನ್ಸಿಲ್ ಚುಚ್ಚಿದೆ, ತೊಲೆಯೊಳಗೆ ಅರ್ಧ ಇಳಿಯಿತು. ಚೌಡಮ್ಮ ಚಾಪೆ ಹಾಸುವುದು ಅದರ ಕೆಳಗೇ.

ಎಲ್ಲ ಬಿಡಿಸಿ ಹೇಳಿದೆ. ಒಡೆದ ಕೊರಡು ತೋರಿಸಿದೆ. ಅವರು ಹುಳುಗಳನ್ನೇ ನೋಡುತ್ತ ಕೂತರು. ನಾನು ಮನೆಗೆ ಹೋಗಿ ಕಂಟ್ರೋಲ್ ರೇಷನ್ನಿನಲ್ಲಿ ಸಿಕ್ಕಿದ್ದ ಸೀಮೆಎಣ್ಣೆಯನ್ನೆಲ್ಲ ತಂದೆ. (ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.) ಸೌದೆ ತೆಗೆದು ಹೊರಗೆ ಹಾಕಿ ಗುಂಡಿಗೆ, ಕಂಬಕ್ಕೆ, ಕೈಗೆಟುಕಿದ ತೂತಿಗೆಲ್ಲ ಎಣ್ಣೆ ಹುಯ್ದೆ.

ಮಂಗಳವಾರ ಹೋಗಿ ಕಂಬ ಮುಟ್ಟಿದೆ. ಸದ್ದಿಲ್ಲ. ಬುಧವಾರವೂ ಇಲ್ಲ. ಗೆದ್ದೆ ಎಂದುಕೊಂಡೆ. ಚೌಡಮ್ಮ ಒಲೆ ಹಚ್ಚಿರಲಿಲ್ಲ. ಅವರು ಹೊಟ್ಟೆಪಾಡಿಗೆ ಕೂಲಿಗೆ ಸುತ್ತುವ ರೇಷ್ಮೆ ನೂಲು ಹಾಗೇ ಬಿದ್ದಿತ್ತು.

‘ಓಡುಸ್ಬುಟ್ರಲ್ಲ ಮೇಷ್ಟ್ರೆ,’ ಎಂದರು, ನನ್ನ ಮುಖ ನೋಡದೆ.

ನನಗೆ ಸಂಕಟವಾಯಿತು. ಸುಳ್ಳಲ್ಲ, ತುಂಬ ಸಂಕಟವಾಯಿತು. ಸತ್ಯ ಹೇಳಿದವನಿಗೆ ಯಾಕೆ ಕಳ್ಳನ ಹಾಗೆ ಅನಿಸಬೇಕು?

ಗುರುವಾರ ನಂಜಪ್ಪ ಬಂದ. ಮಗ್ಗ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ನೇಯಲು ಅದು ಇನ್ನು ಬರುವಂತಿರಲಿಲ್ಲ. ಆದರೂ ಒಳ್ಳೆಯ ಮನುಷ್ಯ. ಸೂರು ಅತ್ತಿಗೆಯ ತಲೆಯ ಮೇಲೆ ಬೀಳುತ್ತದೆ, ಇವತ್ತೇ ಇದನ್ನು ಕಿತ್ತು ಸುಟ್ಟು ತೊಲೆಗೆ ಬೇರೆ ಕಂಬ ಕೊಡುತ್ತೇನೆ ಎಂದ. ಚೌಡಮ್ಮ ಗುಂಡಿಯಂಚಿನಲ್ಲಿ ಕಂಬ ತಬ್ಬಿ ಕೂತರು. ಅರ್ಧ ಗಂಟೆ ಕೂತೇ ಇದ್ದರು. ನಂಜಪ್ಪ ಬೇಡಿಕೊಂಡ, ನಾನು ಬೇಡಿಕೊಂಡೆ, ಪ್ರಯೋಜನವಾಗಲಿಲ್ಲ.

ಆಮೇಲೆ ಅವರೇ ತಬ್ಬಿದ್ದ ತೋಳು ಬಿಟ್ಟು ಎದ್ದರು. ಕಂಬದ ಮೇಲೆ ಕೈಯನ್ನು ಹಗುರವಾಗಿ ಊರಿ, ಒಳಗಿನ ಕೋಣೆಯಲ್ಲಿ ಮಲಗಿದವರನ್ನು ಕೇಳುವ ಹಾಗೆ ಕೇಳಿದರು:

‘ಏನ್ರೀ, ನಿಮ್ ತಮ್ಮ ಬಂದವ್ನೆ. ಬುಟ್ಕೊಟ್ಬುಡ್ಲಾ?’

ಬೀದಿಯಲ್ಲಿ ಬೇರೆ ಮನೆಗಳ ಮಗ್ಗಗಳು ಆಡುತ್ತಿದ್ದವು. ಈ ಮನೆಯಲ್ಲಿ ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಮೂರು ಸಲ, ಅವಸರವಿಲ್ಲದೆ, ಬಿಡಿಬಿಡಿಯಾಗಿ ತಟ್ಟಿದ ಸದ್ದು.

ನಂಜಪ್ಪ ಬಾಗಿಲಿಗೆ ಹೋಗಿ ನಿಂತ. ನಾನು ಎಲ್ಲಿ ನಿಂತಿದ್ದೆನೋ ನೆನಪಿಲ್ಲ.

‘ಊಂ ಅಂದ್ರು,’ ಎಂದರು ಚೌಡಮ್ಮ. ‘ತಕಂಡೋಗಿ.’

ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದರು. ಸಂಜೆಯೊಳಗೆ ತೊಲೆಗೆ ಹೊಸ ಕಂಬ ನಿಂತಿತು. ಹಳೆಯದನ್ನು ಹಿತ್ತಲಲ್ಲಿ ಸುಡುವ ಮೊದಲು ನಾನೇ ಕೊಡಲಿ ಹಿಡಿದು ಉದ್ದಕ್ಕೂ ಸೀಳಿ ನೋಡಿದೆ. ಪ್ರೂಫ್ ಬೇಕಿತ್ತು ನನಗೆ. ಸತ್ತ ಗೆದ್ದಲು ಬೇಕಾದಷ್ಟಿತ್ತು. ಅಲುಗಾಡುವ ಹುಳು ಒಂದೂ ಇರಲಿಲ್ಲ.

ಹಾಗಾದರೆ ತಟ್ಟಿದ್ದು ಯಾರು? ಕಾಮನ್ ಸೆನ್ಸ್ ಇರುವ ಯಾರೂ ಹೇಳಬಹುದಾದ ಉತ್ತರವನ್ನೇ ನಾನೂ ಬರೆದೆ: ಚೌಡಮ್ಮನ ಕೈ ನಡುಗಿ ಬಳೆ ಕಂಬಕ್ಕೆ ತಾಗಿದೆ, ಅಷ್ಟೆ. ಅಲ್ಲಿಗೆ ಮುಗಿಸಿ, ಪತ್ರಿಕೆಗೆ ಕಳಿಸುವ ಮುಂಚೆ ಹೆಂಡತಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

‘ಗಂಡ ಸತ್ತೋಳ್ ಕೈಲಿ ಬಳೆ ಎಲ್ಲಿಂದ ಬಂತು?’