ಪಿ ಪ್ರನೋಮ್ ಕೊಂದ ಏಳನೆಯ ಇಲಿ

ಪಿ ಪ್ರನೋಮ್ ಇಲಿ ಹಿಡಿದರೆ ಇಲಿಗೆ ಹಿಡಿದದ್ದೇ ಗೊತ್ತಾಗುವುದಿಲ್ಲ. ಬ್ಯಾಂಕಾಕಿನಿಂದ ದೂರದ ಖೋನ್ ಕೇನ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಇಲಿಮನೆ ನೋಡಿಕೊಳ್ಳುತ್ತಿರುವವರು ಅವರೇ. ಓದಿದ್ದು ನಾಲ್ಕನೇ ತರಗತಿ. ಪಿ ಅಂದರೆ ನಮ್ಮಲ್ಲಿ ಅಕ್ಕ. ಐವತ್ತೇಳರ ಅವರನ್ನು ಪ್ರೊಫೆಸರರೂ ಹಾಗೆಯೇ ಕರೆಯುತ್ತಾರೆ. ನನಗೆ ಪಿಎಚ್‌ಡಿ ಇದೆ, ಆದರೆ ನನ್ನ ಕೈಯಲ್ಲಿ ಇಲಿ ಕಿರುಚಿ ಒದ್ದಾಡುತ್ತದೆ.

"ನೊಂಗ್ ತಿಪ್, ಇಲೀನೇ ನಿನ್ನ ಹತ್ರ ನಿಲ್ಲಲ್ಲ, ಇನ್ನು ಗಂಡು ನಿಲ್ತಾನಾ?" ಎಂದು ಎಲ್ಲರೆದುರು ನಗಾಡುತ್ತಿದ್ದರು. ನೊಂಗ್, ತಂಗಿ, ಎಂದು ಕರೆದೇ ಕಾಲೆಳೆಯುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಅವರಿಗೆ ಅವರದೇ ನೇಮವಿತ್ತು. ಕೊಲ್ಲುವ ಮೊದಲು ಇಲಿಗೆ ಕೈಮುಗಿದು ಕ್ಷಮೆ ಕೇಳಬೇಕು. ವನ್ ಪ್ರಾ ಎಂಬ ಬೌದ್ಧ ವ್ರತದ ದಿನಗಳಲ್ಲಿ, ಅಂದರೆ ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿಗಳಲ್ಲಿ, ಸೊಳ್ಳೆಯನ್ನೂ ಕೊಲ್ಲಬಾರದು. ಆಚಾನ್ ಅಂದರೆ ಗುರು. ನಮ್ಮ ಆಚಾನ್, ಪ್ರೊಫೆಸರ್ ವಿಚಿಯನ್, ಆ ದಿನಗಳನ್ನು ಬಿಟ್ಟೇ ಕೆಲಸ ಗೊತ್ತುಮಾಡುತ್ತಿದ್ದರು.

ನಮಗೆ ಬೇಕಾಗಿದ್ದದ್ದು ಒಂದೇ ಒಂದು ಪ್ರತಿಕಾಯ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳಿವೆಯಲ್ಲ, ಅವುಗಳಲ್ಲಿ ಮಾತ್ರ ಇರುವ ಒಂದು ಪ್ರೋಟೀನಿಗೆ ಅದು ಅಂಟಬೇಕು, ಇನ್ನಾವುದಕ್ಕೂ ಅಂಟಬಾರದು. ಅಂಥದ್ದು ಸಿಕ್ಕರೆ ಸಕ್ಕರೆ ಕಾಯಿಲೆಯಲ್ಲಿ ಆ ಕೋಶಗಳು ಎಷ್ಟು ಉಳಿದಿವೆ, ಎಷ್ಟು ಸತ್ತಿವೆ ಎಂದು ಬಣ್ಣ ಹತ್ತಿಸಿ ನೋಡಬಹುದು. ಅಷ್ಟೇ. ಅದಕ್ಕಾಗಿ ಇಲಿಗೆ ಆ ಪ್ರೋಟೀನ್ ಚುಚ್ಚಬೇಕು, ರಕ್ತದಲ್ಲಿ ಪ್ರತಿಕಾಯ ಏರಿದಾಗ ಅದನ್ನು ಕೊಂದು ಹೊಟ್ಟೆಯೊಳಗಿನ ಗುಲ್ಮ ತೆಗೆಯಬೇಕು, ಗುಲ್ಮದಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳನ್ನು ಸಾವಿಲ್ಲದ ಕ್ಯಾನ್ಸರ್ ಕೋಶಗಳ ಜೊತೆ ಬೆಸೆಯಬೇಕು. ಮೂರು ವರ್ಷದಲ್ಲಿ ನಾಲ್ಕು ಸಲ ಬೆಸೆದೆವು. ನಾಲ್ಕು ಸಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಐದನೆಯ ಸಲ ಏಳನೆಯ ಇಲಿಯ ರಕ್ತದಲ್ಲಿ ಪ್ರತಿಕಾಯ ಏರಿದ್ದು ನೋಡಿ ಆಚಾನ್ ಕುರ್ಚಿಯಿಂದ ಎದ್ದೇಬಿಟ್ಟರು. ಉಳಿದಿದ್ದ ಪ್ರೋಟೀನನ್ನೆಲ್ಲ ಅದರ ಬಾಲದ ರಕ್ತನಾಳಕ್ಕೇ ಚುಚ್ಚಿದೆವು. ಮೂರನೆಯ ದಿನ ಗುಲ್ಮ ತೆಗೆಯಬೇಕು. ದಿನ ಎಣಿಸಿಕೊಟ್ಟವರು ಪಿ ಪ್ರನೋಮ್. ಈ ವರ್ಷ ಗೋಡೆಗೆ ನೇತುಹಾಕಿದ್ದು ವಿದೇಶಿ ಕಂಪನಿಯೊಂದರ ಕ್ಯಾಲೆಂಡರು. ಅದರಲ್ಲಿ ವನ್ ಪ್ರಾ ದಿನಗಳ ಬುದ್ಧನ ಗುರುತು ಇರಲಿಲ್ಲ. ಬೆರಳು ಮಡಿಸಿ ಕೃಷ್ಣಪಕ್ಷಕ್ಕೆ ಹದಿನೈದು ದಿನ ಎಣಿಸಿ, "ಹದಿನಾಲ್ಕಕ್ಕೆ ಮಾಡಿ, ಅಡ್ಡಿಯಿಲ್ಲ" ಅಂದರು. ಆದರೆ ಅದು ಚಾಂದ್ರಮಾನದ ಬೆಸ ಸಂಖ್ಯೆಯ ತಿಂಗಳು. ನಮ್ಮ ಬೆಸ ತಿಂಗಳಿಗೆ ಇಪ್ಪತ್ತೊಂಬತ್ತೇ ದಿನ, ಅಮಾವಾಸ್ಯೆ ಕೃಷ್ಣಪಕ್ಷದ ಹದಿನಾಲ್ಕನೆಯ ದಿನಕ್ಕೇ ಬಂದುಬಿಡುತ್ತದೆ.

ಆ ಬೆಳಿಗ್ಗೆ ಅವರು ಬಂದಾಗ ಮುಖ ಬಾಡಿತ್ತು.

"ಇವತ್ತೇ ವನ್ ಪ್ರಾ ಕಣೇ. ದಾರೀಲಿ ಬುದ್ಧನ ಗುಡಿಗೆ ಹೋಗೋರ ಕೈಯಲ್ಲೆಲ್ಲ ತಾವರೆ ಮೊಗ್ಗು. ನಾನು ಎಣಿಸಿದ್ದೇ ತಪ್ಪು. ನಾಳೆ ಮಾಡೋಣ."

"ನಾಳೆ ಆಚಾನ್ ಬ್ಯಾಂಕಾಕಿಗೆ ಹೋಗ್ತಾರೆ, ಪಿ. ಬೆಸೆಯೋದು ಅವರ ಕೈಗೆ ಮಾತ್ರ ಬರೋದು."

"ಹಾಗಾದ್ರೆ ನೀನೇ ತೆಗಿ."

ನನ್ನ ಕೈಯ ಯೋಗ್ಯತೆ ಆಗಲೇ ಹೇಳಿದ್ದೇನೆ. ಆಚಾನ್ ಒಂದು ದಿನ ಪ್ರಯಾಣ ಮುಂದೂಡಬಹುದಿತ್ತು, ಆದರೆ ಅವರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಕ್ವಾನ್‌ಗೋಸ್ಕರ ಅನ್ಕೊಳ್ಳಿ, ಪಿ. ಇದೆಲ್ಲ ಅವಳಿಗೋಸ್ಕರಾನೇ ಅಲ್ವಾ?"

ಕ್ವಾನ್ ಅವರ ಒಬ್ಬಳೇ ಮಗಳು. ಒಂಬತ್ತನೇ ವಯಸ್ಸಿಗೇ ಇನ್ಸುಲಿನ್ ಶುರುವಾಗಿತ್ತು. ಈಗ ಇಪ್ಪತ್ತಾರಕ್ಕೆ ಕಿಡ್ನಿ ಸೋತು ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಗ ನನಗೆ ಏನೂ ಒಡೆದ ಸದ್ದು ಕೇಳಿಸಲಿಲ್ಲ, ಕೆಲಸ ಆಗುತ್ತಲ್ಲ ಎಂದು ಸಮಾಧಾನವೇ ಆಯಿತು.

ಪಿ ಪ್ರನೋಮ್ ಪಂಜರದ ಮುಂದೆ ಮೊಣಕಾಲೂರಿ ಕೈಮುಗಿದರು. "ಈ ಪಾಪ ನನಗೇ ತಟ್ಟಲಿ, ನನ್ನ ಮಗಳಿಗೆ ಬೇಡ" ಎಂದು ಗಟ್ಟಿಯಾಗಿಯೇ ಅಂದರು. ಇಲಿ ಸತ್ತದ್ದು ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ, ಅಷ್ಟು ಬೇಗ ಮುಗಿಸಿದ್ದರು.

ಆಚಾನ್ ಬೆಸೆದ ಕೋಶಗಳನ್ನು ಹತ್ತು ತಟ್ಟೆಗಳಿಗೆ ಹಂಚಿದೆವು, ಸಾವಿರಕ್ಕೆ ಹತ್ತಿರ ಗುಳಿಗಳು. ಒಂದೇ ಒಂದು ಗುಳಿಯಲ್ಲಿ ನಮಗೆ ಬೇಕಾದ ಪ್ರತಿಕಾಯ ಇತ್ತು. ಅದರ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಬೆಳೆಸತೊಡಗಿದೆವು. ಅಷ್ಟು ವರ್ಷ ಕೋಶ ಬೆಳೆಸುವ ಕೋಣೆಯ ಕಡೆ ತಲೆ ಹಾಕದಿದ್ದ ಪಿ ಪ್ರನೋಮ್ ಈಗ ದಿನಾ ಬೆಳಿಗ್ಗೆ ಅಂಟನ್ನ, ಸುಟ್ಟ ಕೋಳಿ ಕಟ್ಟಿಸಿಕೊಂಡು ಬಂದು ಗಾಜಿನಾಚೆ ನಿಲ್ಲುತ್ತಿದ್ದರು. "ಬೆಳೀತಿದೆಯಾ? ಹುಷಾರಾಗಿ ನೋಡ್ಕೋ, ಇಲಿ ಥರ ಕೈಯಿಂದ ಬಿಟ್ಟೀಯ!" ನಾನು ಕೋಳಿ ತಿಂದೆ. ಯಾಕೆ ತರುತ್ತಿದ್ದಾರೆಂದು ಒಂದು ದಿನವಾದರೂ ಯೋಚಿಸಲಿಲ್ಲ. ಪಿಎಚ್‌ಡಿ ಇದ್ದೂ ದಡ್ಡಿ.

ಹನ್ನೊಂದನೆಯ ವಾರ ಮನುಷ್ಯರ ಮೇದೋಜೀರಕದ ತೆಳು ಪದರಕ್ಕೆ ಹೊಳೆಯುವ ಬಣ್ಣ ಹತ್ತಿಸಿದ ಆ ಪ್ರತಿಕಾಯವನ್ನು ಹಾಕಿದೆವು. ಕತ್ತಲ ನಡುವೆ ಇನ್ಸುಲಿನ್ ಕೋಶಗಳ ಗುಂಪುಗಳು ಮಾತ್ರ ಹಸಿರಾಗಿ ಹೊಳೆದವು. ಆಚಾನ್ ಕಣ್ಣೊರೆಸಿಕೊಂಡರು. ನಾನು ಓಡಿ ಹೋಗಿ ಪಿ ಪ್ರನೋಮ್ ಅವರನ್ನು ಎಳೆದು ತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

"ಚೆಂದ ಇದೆ ಕಣೇ," ಅಂದರು. ಬಹಳ ಹೊತ್ತು ನೋಡಿದರು. "ಎಷ್ಟು ಇಂಜೆಕ್ಷನ್ ಬೇಕಾಗುತ್ತೆ?"

"ಯಾರಿಗೆ?"

"ಕ್ವಾನ್‌ಗೆ."

ಆಚಾನ್ ಮೆಲ್ಲಗೆ ಹೊರಗೆ ಹೋದರು. ದೊಡ್ಡವರಿಗೆ ಇಂಥ ಹೊತ್ತಿನಲ್ಲಿ ಫೋನು ಬರುತ್ತದೆ.

"ಇದು ಔಷಧಿ ಅಲ್ಲ, ಪಿ," ಅಂದೆ. "ಇದು ಬರೀ ನೋಡೋದಕ್ಕೆ. ಮುಂದೆ ಯಾವತ್ತೋ, ಯಾರಿಗೋ ಉಪಯೋಗಕ್ಕೆ ಬರಬಹುದು..."

"ನೀನೇ ಅಂದಿದ್ದೆ."

"ಅಂದಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಹೊಡೆದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದರು.

"ಹೋದ ತಿಂಗಳು ಅವಳು ಡಯಾಲಿಸಿಸ್ ಸಾಕಮ್ಮ, ಇನ್ನು ಹೋಗಲ್ಲ ಅಂತ ಹಾಸಿಗೆ ಹಿಡಿದು ಮಲಗಿಬಿಟ್ಟಿದ್ಲು. ಅಮ್ಮನ ಇಲೀದು ಔಷಧಿ ಬರ್ತಿದೆ, ಎರಡು ತಿಂಗಳು ತಡ್ಕೋ ಅಂದೆ. ಎದ್ದಳು. ಈಗ ದಿನಾ ಕೇಳ್ತಾಳೆ, ಬಂತಾ ಬಂತಾ ಅಂತ." ನನ್ನತ್ತ ನೋಡಿದರು. "ನನ್ನ ಬಾಯಿಂದ ಬರಲ್ಲ. ನೀನೇ ಬಂದು ಹೇಳು, ನೊಂಗ್."

"ಬರ್ತೀನಿ ಪಿ," ಅಂದೆ.

ಅದಾಗಿ ಹನ್ನೊಂದು ದಿನವಾಯಿತು. ಎರಡು ಸಲ ಅವರ ಓಣಿಯವರೆಗೆ ಸ್ಕೂಟರಿನಲ್ಲಿ ಹೋದೆ. ಎರಡನೆಯ ಸಲ ಕ್ವಾನ್ ಬಾಗಿಲಲ್ಲೇ ಇದ್ದಳು, ಆಸ್ಪತ್ರೆಯ ಚೀಲ ಹಿಡಿದು ಡಯಾಲಿಸಿಸ್‌ಗೆ ಹೊರಟು ಗಾಡಿಗೆ ಕಾಯುತ್ತಿದ್ದಳು. ನನ್ನನ್ನು ಕಂಡು ನಕ್ಕು ಕೈ ಬೀಸಿದಳು. ನಾನೂ ಕೈ ಬೀಸಿದೆ, ಸ್ಕೂಟರ್ ನಿಲ್ಲಿಸಲಿಲ್ಲ.