ಎಡ ಅಂದರೆ ಬಲ

ಡ್ರೈವಿಂಗ್ ಶಾಲೆಯ ಮೇಷ್ಟ್ರು ಮಹಡಿ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಆರೇಳು ವರ್ಷವಾಗಿತ್ತು. ಜೀವ ಉಳಿಯಿತು, ನಡಿಗೆ ಬಂತು, ಮಾತೂ ಬಂತು. ಆದರೆ ಆ ಮಾತಿನಲ್ಲಿ ಎಡ-ಬಲ ಅದಲುಬದಲಾಗಿದ್ದವು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸುಸ್ತು. ನೆಂಟರು "ಗುಣವಾದರಲ್ಲ, ಸದ್ಯ" ಎಂದು ನಿರಾಳವಾದರು. ಹೆಂಡತಿಗೆಲ್ಲಿಯ ನಿರಾಳ? ಮಾತ್ರೆ, ವ್ಯಾಯಾಮ, ರೇಗಾಟ, ಸಮಾಧಾನ. ನಿದ್ದೆಗೆಟ್ಟ ಆಕೆ ಒಂದು ದಿನ ಹೊಲಿಗೆ ಯಂತ್ರದ ಮುಂದೆ ತೂಕಡಿಸಿ, ಗಿರಾಕಿಯ ಅಂಗಿಗೆ ಕಾಲರ್ ಇರಬೇಕಾದ ಕಡೆ ತೋಳು ಹೊಲಿದುಬಿಟ್ಟಳು. ಅದನ್ನು ನೋಡಿ ಗೋಳೋ ಎಂದು ಅತ್ತಳು.

ಅಣ್ಣನ ಶಾಲೆಯನ್ನು ನಡೆಸುತ್ತಿದ್ದ ನಾದಿನಿ ಆಗಲೇ ಬಂದಳು. "ಅತ್ತಿಗೆ, ಅಣ್ಣನ್ನ ನೀವು ನೋಡ್ಕೋತೀರಿ. ನಿಮ್ಮನ್ನ ನೋಡ್ಕೊಳ್ಳೋರು ಯಾರು? ಏಳಿ, ಸ್ಟೇರಿಂಗ್ ಹಿಡೀರಿ!"

ಖಾಲಿ ಮೈದಾನದಲ್ಲಿ ಪಾಠ ಶುರುವಾಯಿತು. ಕಲಿಸುವವರಿಗೆಂದೇ ಇದ್ದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ನಾದಿನಿ ಪಕ್ಕದಲ್ಲಿ. ಹಟ ಹಿಡಿದು ಬಂದ ಮೇಷ್ಟ್ರು ಹಿಂದಿನ ಸೀಟಿನಲ್ಲಿ.

"ಎಡಕ್ಕೆ! ಎಡಕ್ಕೆ!"

ಆಕೆ ಎಡಕ್ಕೆ ತಿರುಗಿಸಿದಳು.

"ಅಯ್ಯೋ, ಆ ಎಡ ಅಲ್ಲ ಕಣೇ, ಈ ಎಡ!" ಅವರ ಬೆರಳು ಬಲಕ್ಕಿತ್ತು.

ಸರಿ, ಮೇಷ್ಟ್ರ ಎಡ ಅಂದರೆ ಬಲ ಎಂದು ಆಕೆ ರೂಢಿ ಮಾಡಿಕೊಂಡಳು. ಮಿಕ್ಕ ಪಾಠದಲ್ಲಿ ಅವರದು ಎತ್ತಿದ ಕೈ. "ಕ್ಲಚ್ಚು ಅಂದ್ರೆ ಮಲಗಿರೋ ಬೆಕ್ಕಿನ ಬಾಲ ಅನ್ಕೋ. ಮೆಲ್ಲಗೆ ಕಾಲೆತ್ತು." ಎತ್ತಿದಳು. ಕಾರು ಬೆಣ್ಣೆಯಂತೆ ಜಾರಿತು. ಆಕೆ "ಹೋ!" ಎಂದು ಕೂಗಿ ಸುತ್ತತೊಡಗಿದಳು.

"ಸಾಕು ಅತ್ತಿಗೆ, ತಲೆ ತಿರುಗ್ತಿದೆ!"

"ಇನ್ನೊಂದೇ ಸುತ್ತು!"

ಆ 'ಇನ್ನೊಂದು' ಮುಗಿಯಲೇ ಇಲ್ಲ.

ಪರೀಕ್ಷೆಯ ದಿನ ಅಧಿಕಾರಿ ಪಕ್ಕದಲ್ಲಿ ಕೂತು "ಎಡಕ್ಕೆ ತಿರುಗಿಸಿ" ಎಂದರು. ಆಕೆ ಠೀವಿಯಿಂದ ಬಲಕ್ಕೆ ತಿರುಗಿಸಿ, ಆಫೀಸಿನ ಹೂಕುಂಡದ ಮುಂದೆ ಗಕ್ಕನೆ ನಿಲ್ಲಿಸಿದಳು.

"ಎಡ ಅಂದೆನಲ್ಲಮ್ಮಾ!"

"ಹೌದು ಸಾರ್, ಎಡಾನೇ ಇದು!"

ಫೇಲು. ಹೊರಗೆ ಕಾಯುತ್ತಿದ್ದ ಮೇಷ್ಟ್ರ ಮುಖ ಬಾಡಿತು. "ನನ್ನಿಂದಾನೇ ಅಲ್ವಾ ಹಾಳಾಗಿದ್ದು?"

"ಅದಿರಲಿ ರೀ, ಆ ಸಾಹೇಬ್ರು ಫೈಲನ್ನ ಹೆಂಗೆ ಎದೆಗವಚಿಕೊಂಡ್ರು ಗೊತ್ತಾ? ಹೂಕುಂಡಾನೇ ಎಗರಿ ಬಂದು ಕಚ್ಚತ್ತೆ ಅನ್ನೋ ಹಾಗೆ!" ಹೇಳುತ್ತಲೇ ಆಕೆಗೆ ನಗು ಒತ್ತರಿಸಿ ಬಂತು. ಮೇಷ್ಟ್ರು ಒಮ್ಮೆ ದುರುಗುಟ್ಟಿದರು, ಆಮೇಲೆ ಕಿಸಕ್ಕೆಂದರು. ಮರುಗಳಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ರಸ್ತೆ ಬದಿಯಲ್ಲೇ ಕೂತುಬಿಟ್ಟರು. ಬಿದ್ದ ಮೇಲೆ ಅವರು ಹಾಗೆ ನಕ್ಕಿದ್ದನ್ನು ಆಕೆ ಕಂಡೇ ಇರಲಿಲ್ಲ.

ಮುಂದಿನ ಸಲ ಎಡಗೈಗೆ ಹೊಲಿಗೆಯ ಕೆಂಪು ದಾರ ಕಟ್ಟಿಕೊಂಡು ಹೋಗಿ ಪಾಸಾದಳು. ಈಗ ಮೇಷ್ಟ್ರು ಬೆಳಗ್ಗೆ ಸ್ವಲ್ಪ ಹೊತ್ತು ಶಾಲೆಯಲ್ಲಿ ಕ್ಲಚ್ಚಿನ ಪಾಠ ಹೇಳುತ್ತಾರೆ. ತಿರುವುಗಳ ಪಾಠ ತಂಗಿಯದು. ಸಿಟ್ಟು, ಸುಸ್ತು ಎಲ್ಲೂ ಹೋಗಿಲ್ಲ. ವಾರಕ್ಕೊಂದು ಮಧ್ಯಾಹ್ನ ನಾದಿನಿ ಅಣ್ಣನ ಜೊತೆಗಿರುತ್ತಾಳೆ, ಅತ್ತಿಗೆ ಒಬ್ಬಳೇ ಕಾರು ಹತ್ತುತ್ತಾಳೆ.

ಮೊದಲ ದಿನ ಆಕೆ ತಲೆಗೂದಲೆಲ್ಲ ಕೆದರಿಕೊಂಡು ಸಂಜೆಗೆ ಬಂದಳು.

"ಎಲ್ಲಿಗೆ ಹೋಗಿದ್ದೆ?"

"ಗೊತ್ತಿಲ್ಲ ರೀ! ದಾರಿ ತಪ್ಪಿತು. ಏನು ಮಜ ಅಂತೀರಿ!"

ಮೇಷ್ಟ್ರು ಚಪ್ಪಲಿ ಹುಡುಕಿದರು. "ನಡಿ ಮತ್ತೆ, ನನ್ನೂ ದಾರಿ ತಪ್ಪಿಸು."

ಎರಡು ಬೀದಿ ದಾಟುವಷ್ಟರಲ್ಲಿ ಅವರು ಬಾಯಿ ತೆರೆದು ನಿದ್ದೆ ಹೋದರು. ಆಕೆ ಗುನುಗುತ್ತ ಓಡಿಸುತ್ತಲೇ ಇದ್ದಳು.