ಕಿಸೆಯಲ್ಲೇ ಉಳಿದ ಚೀಟಿ

ಸೊಸೆ ನಾಗವೇಣಿಯ ಮೊದಲ ಮಗು ಉಳಿಯಲಿಲ್ಲ. ಬೆನ್ನುಹುರಿ ಮುಚ್ಚಿಕೊಂಡಿರಲಿಲ್ಲ.

ಮತ್ತೆ ಹಾಗಾಗದಿರಲೆಂದು ಹೊನ್ನಾವರದ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಫೋಲಿಕ್ ಆಸಿಡ್, ಐದು ಮಿಲಿಗ್ರಾಂ. ಸಣ್ಣ ಹಳದಿ ಗುಳಿಗೆ. "ಮುಂದಿನ ಬಸುರು ನಿಲ್ಲುವ ಮೊದಲೇ ಶುರು ಮಾಡಬೇಕು. ತಿಂಗಳು ತಪ್ಪಿದ ಮೇಲೆ ಅಂದ್ರೆ ತಡ ಆಗ್ತದೆ." ಮಗ ಮೀನಿನ ಬೋಟಿನಲ್ಲಿದ್ದ. ಗುಳಿಗೆ ತರುವ ಕೆಲಸ ನನ್ನದಾಯಿತು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನೊಬ್ಬನೇ.

ಔಷಧಿ ಅಂಗಡಿಯ ಮುಂದೆ ನಮ್ಮ ಊರು ಮಾವಿನಕುರ್ವೆಯವರೇ ನಿಂತಿದ್ದರು. ನಮ್ಮಲ್ಲಿ ಬಸುರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳುವುದಿಲ್ಲ. ಇದಂತೂ ಇನ್ನೂ ನಿಲ್ಲದ ಬಸುರು.

"ಎಂತ ಮಾರಾಯಾ, ಔಷಧಿ ಯಾರಿಗೆ? ಸೊಸೆಗೆ ವಿಶೇಷವಾ?" ನೆರೆಮನೆಯ ಗಣಪು ಕೇಳಿದ.

"ನಂಗೇ. ರಕ್ತ ಕಮ್ಮಿ."

"ನಿಂಗಾ? ಸೊಳ್ಳೆ ಹತ್ರ ಒಂದ್ ಮಾತು ಕೇಳು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಚೀಟಿಯನ್ನು ಕಿಸೆಯಿಂದ ತೆಗೆಯಲಿಲ್ಲ. ರಕ್ತದ ಗುಳಿಗೆ ಕೇಳಿ ತಂದೆ. ಕಬ್ಬಿಣಾಂಶದ ದಪ್ಪ ಕ್ಯಾಪ್ಸೂಲು. ಊರಿಗೆ ಮರಳುವ ದೋಣಿಯಲ್ಲಿ ಕುಳಿತು ಅದರ ಹಾಳೆಯ ಹಿಂಬದಿ ಓದಿದೆ. ಕೊನೆಯ ಸಾಲಿನಲ್ಲಿ ಫೋಲಿಕ್ ಆಸಿಡ್ ಇತ್ತು, ಅರ್ಧ ಮಿಲಿಗ್ರಾಂ. ಹೆಸರು ಒಂದೇ ಅಲ್ಲವೇ ಅಂದುಕೊಂಡೆ.

"ಮಾವ, ಡಾಕ್ಟ್ರು ಸಣ್ಣದು ಅಂದಿದ್ರಲ್ಲ?"

"ಇದ್ರಲ್ಲಿ ಅದೂ ಇದೆ, ರಕ್ತಕ್ಕೂ ಆತು. ತಿನ್ನು."

ತಿಂದಳು. ಬಸುರು ನಿಂತ ಮೇಲೂ ವಾಂತಿ ಮಾಡಿಕೊಳ್ಳುತ್ತಲೇ ತಿಂದಳು.

ಐದನೇ ತಿಂಗಳಲ್ಲಿ ಸ್ಕ್ಯಾನಿಂಗ್.

ಮತ್ತೆ ಬೆನ್ನುಹುರಿ.

ಈ ಸಲ ಸೊಂಟದ ಕೆಳಗೆ ಮಾತ್ರ, ಹುಟ್ಟಿದ ಮೇಲೆ ಆಪರೇಶನ್ ಮಾಡಿದರೆ ಬದುಕಬಹುದು ಅಂದರು. ಡಾಕ್ಟರಮ್ಮ ಕ್ಯಾಪ್ಸೂಲು ನೋಡಿದರು. ಸೊಸೆಯ ಎದುರಿಗೇ ನಾನು ಅಂಗಡಿಯ ಸಂಗತಿ ಹೇಳಿದೆ.

"ಸರಿಯಾದ್ದು ತಿಂದ್ರೂ ಕೆಲವೊಮ್ಮೆ ಹೀಗಾಗ್ತದೆ," ಅಂದರು ಡಾಕ್ಟರಮ್ಮ. "ಆದರೆ ಅದನ್ನೇ ತಿಂದಿದ್ರೆ ಅಪಾಯ ತುಂಬ ಕಡಿಮೆ ಇರ್ತಿತ್ತು."

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಮಗು ಹುಟ್ಟಿದ ಮೇಲೆ ಮಂಗಳೂರಿನಲ್ಲಿ ಆಪರೇಶನ್ ಥಿಯೇಟರಿನ ಹೊರಗೆ ಕುಳಿತಾಗಲೂ ಹಾಗೇ ಇದ್ದೆ.

ಮೊಮ್ಮಗಳು ಬದುಕಿದಳು. ಈಗ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ಗೋಡೆ ಹಿಡಿದು ನಡೆಯುತ್ತಾಳೆ. ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಒಮ್ಮೆ ಬೂಟಿನೊಳಗೆ ಚಿಪ್ಪಿನ ಚೂರು ಸೇರಿ, ಸಾಕ್ಸು ರಕ್ತದಿಂದ ಒದ್ದೆಯಾದ ಮೇಲೇ ಗಾಯ ಗೊತ್ತಾದದ್ದು.

ನಾಗವೇಣಿ ನನ್ನಿಂದ ಮತ್ತೆ ಔಷಧಿ ತರಿಸಲಿಲ್ಲ. ಮಾತು ಬಿಡಲೂ ಇಲ್ಲ. ಆ ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಬೂಟು ತಂದು ನನ್ನ ಮುಂದಿಟ್ಟಳು.

"ನೋಡಿ ಹಾಕಿ, ಮಾವ."

ಅಂದಿನಿಂದ ಅದು ನನ್ನ ಕೆಲಸ. ಒಳಗೆ ಬೆರಳಿಟ್ಟು ತುದಿಯವರೆಗೆ ತಡಕುತ್ತೇನೆ.

"ಅಜ್ಜಾ, ಮರಳು ಇದ್ಯಾ?"

"ಇಲ್ಲ ಮಗಾ."

"ಇನ್ನೊಂದ್ ಸಲ ನೋಡು."

ನೋಡುತ್ತೇನೆ.